ಒಂದನೇ ನಂಬರಿನ ನಕ್ಷತ್ರ

ಎದುರಿಗೆ ನಿಂತ ಹೆಂಗಸಿನ ಮೂಗುತಿ ಮಿಂಚಿತು, ಮಂಕಾಯಿತು, ಮತ್ತೆ ಮಿಂಚಿತು — ಮೂಗುತಿ ತನ್ನಷ್ಟಕ್ಕೆ ತಾನಿದೆ, ಕಿಟಕಿಯ ಬಿಸಿಲೇ ಹೋಗಿ ಬಂದು ಮಾಡುತ್ತಿದೆ, ಅಥವಾ ಆಕೆಯೇ ತಲೆ ಅಲ್ಲಾಡಿಸುತ್ತಿದ್ದಾಳೆ, ಅಥವಾ ದಾನೇಶ್ವರಿಯ ಕಣ್ಣಿಗೇ ಏನೋ ಆಗಿದೆ, ಯಾರನ್ನು ನಂಬುವುದು, ಕುರ್ಲಾದಲ್ಲಿ ಹತ್ತಿದಾಗಿನಿಂದ ಇದೇ ಆಯಿತು, ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕಾಲೂರಲು ಜಾಗವಿಲ್ಲ, ಈ ಮಹಾತಾಯಿಗೆ ಊರವರ ಮೂಗುತಿಯ ಚಿಂತೆ. ಯೋಚಿಸಬೇಕಾದ್ದು ಬೇರೆ, ದಾದರಿನಲ್ಲಿ ಇಳಿಯಬೇಕೋ ಬೇಡವೋ. ಇಳಿದರೆ ವಿನೋದಿನಿಯ ಟ್ಯೂಷನ್ ಕ್ಲಾಸು, ಸ್ಟೇಷನ್ನಿನಿಂದ ಐದು ನಿಮಿಷ, ಮೂರು ವರ್ಷದಿಂದ ಮಾತಿಲ್ಲ ಕತೆಯಿಲ್ಲ. ಇಳಿಯದಿದ್ದರೆ ನೇರ ಸಂಶೋಧನಾ ಸಂಸ್ಥೆ, ಗೈಡ್ ದೇವಾನಂದ ಸರ್, ಸಂಜೆ ಐದರೊಳಗೆ ಪೇಪರು ಕಳಿಸಿದ ವಿಜ್ಞಾನ ಪತ್ರಿಕೆಯವರಿಗೆ ಉತ್ತರ. ನಿನ್ನೆ ಸರ್ ಫೋನಿನಲ್ಲಿ ನಕ್ಕಿದ್ದರು, ಒಂದನೇ ನಂಬರಿನ ನಕ್ಷತ್ರ ಬದಲಾಗಂಗಿಲ್ಲ ಅನ್ನೂದಕ್ಕ ಪುರಾವೆ ಏನಂತ ಕೇಳ್ಯಾರ, ಮಾಡ್ಲಿಕ್ಕೆ ಕೆಲಸಿಲ್ಲ ಅವರಿಗೆ, ಎರಡ ಸಾಲ ಬರದು ಕಳಿಸಿಬಿಡವಾ. ಎರಡು ಸಾಲು ಬರೆಯಲೆಂದೇ ಮುಂಜಾನೆ ಎದ್ದು ಕೂತಿದ್ದಳು, ಅವ್ವ ಚಹಾ ತಂದಿಟ್ಟಳು, ಆರಿತು, ಕೆನೆಗಟ್ಟಿತು, ಏನ ನೋಡಾಕತ್ತಿ ಹಂಗ, ಅಂದಳು ಅವ್ವ, ಏನಂತ ಹೇಳುವುದು, ನೋಡುತ್ತಿದ್ದದ್ದು ತನ್ನ ಆರು ವರ್ಷ ಮಣ್ಣುಪಾಲಾಗುವುದನ್ನು. ಹೆದರಿಕೆಯಾಗುತ್ತಿದೆ.

ಸಾಯನ್ ಬಂತು, ಇಳಿದವರು ಇಬ್ಬರು, ಹತ್ತಿದವರು ಇಪ್ಪತ್ತು, ಪುಢೇ ಚಲಾ ನಾ, ಎಂದು ಯಾರೋ ಬೆನ್ನಿಗೆ ಗುದ್ದಿದರು, ಮುಂದೆ ಎಲ್ಲಿಗೆ ಹೋಗುವುದು. ಆರು ವರ್ಷದಿಂದ ಬೆನ್ನು ಹತ್ತಿದ ದೂರದ ಆ ಗ್ಯಾಲಕ್ಸಿ, ನಡುವೆ ಕಪ್ಪುಕುಳಿ ಇಟ್ಟುಕೊಂಡು ಸುತ್ತಲಿನದನ್ನೆಲ್ಲ ನುಂಗುತ್ತ ಒಮ್ಮೆ ಉರಿದು ಒಮ್ಮೆ ಮಂಕಾಗುವ ಜಾತಿಯದು, ಬೆಟ್ಟದ ಮೇಲಿನ ಟೆಲಿಸ್ಕೋಪು ಅದರ ಚಿತ್ರ ತೆಗೆದು ಕಳಿಸುತ್ತದೆ, ಆದರೆ ಒಂದು ದಿನ ತೆಳುಮೋಡ, ಒಂದು ದಿನ ಧೂಳು, ಬೆಳಕನ್ನು ಹಾಗೇ ಅಳೆದರೆ ಲೆಕ್ಕ ಕೆಡುತ್ತದೆ, ಅದೇ ಚಿತ್ರದಲ್ಲಿ ಬದಲಾಗದ ನಕ್ಷತ್ರವೊಂದು ಬೇಕು, ಅದಕ್ಕೆ ಹೋಲಿಸಿ ಗ್ಯಾಲಕ್ಸಿ ಏರಿತೋ ಇಳಿಯಿತೋ ಹೇಳಬೇಕು. ಸರ್ ಹಳೆಯ ಪಟ್ಟಿಯಿಂದ ಆರಿಸಿಕೊಟ್ಟದ್ದು ಒಂದನೇ ನಂಬರು. ದಾನೇಶ್ವರಿ ಅದಕ್ಕೆ ಹೋಲಿಸಿದಳು, ಗ್ಯಾಲಕ್ಸಿ ವರ್ಷದಿಂದ ವರ್ಷಕ್ಕೆ ಬೆಳಗುತ್ತ ಹೋಯಿತು, ಸರ್ ಹಿಗ್ಗಿ ಹೀರೇಕಾಯಿಯಾದರು. ಜೊತೆಗೇ ಪಿಎಚ್‌ಡಿ ಮಾಡುತ್ತಿದ್ದ ವಿನೋದಿನಿ ಎರಡನೇ ನಂಬರಿಗೆ ಹೋಲಿಸಿದಳು, ಗ್ಯಾಲಕ್ಸಿ ಸ್ವಲ್ಪ ಏರಿತು, ಸ್ವಲ್ಪ ಇಳಿಯಿತು, ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಒಂದನೇದು ಮಂಕಾಗುತ್ತಿದೆಯೋ ಎರಡನೇದು ಬೆಳಗುತ್ತಿದೆಯೋ, ಎರಡನ್ನೇ ನೋಡಿ ಹೇಳುವವರು ಯಾರು — ಸರ್ ಹೇಳಿದರು, ಈ ಹುಡುಗಿ ಕೆಲಸದಾಗ ಶಿಸ್ತಿಲ್ಲ. ಮೂರು ವರ್ಷದ ಹಿಂದಿನ ಜೂನ್ ತಿಂಗಳು, ಹೊರಗೆ ಮಳೆ, ಸರ್ ಕೋಣೆಯ ತುಂಬ ಒದ್ದೆ ಕೊಡೆಯ ವಾಸನೆ, ವಿನೋದಿನಿ ಅವರತ್ತ ನೋಡಲೇ ಇಲ್ಲ, ದಾನೇಶ್ವರಿಯತ್ತ ತಿರುಗಿದಳು, ನೀನೇ ಹೇಳು ಮಾರಾಯ್ತಿ, ಒಂದನೇದು ಸರಿ ಉಂಟಾ? ಸರಿ ಅದ, ಅಂದಳು ದಾನೇಶ್ವರಿ. ಆ ತಿಂಗಳೇ ವಿನೋದಿನಿ ಪಿಎಚ್‌ಡಿ ಬಿಟ್ಟಳು, ಈಗ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳುತ್ತಾಳೆ.

ಆದರೆ ಆಗ ಗೊತ್ತಿತ್ತೇ? ಇಲ್ಲ, ಹೇಗೆ ಗೊತ್ತಿರಬೇಕು, ಮೂಲೆಯ ಐದು ಮಂಕು ನಕ್ಷತ್ರಗಳನ್ನು ಒಟ್ಟು ಸೇರಿಸಿ ಒಂದನೇದರ, ಎರಡನೇದರ ಎದುರು ನಿಲ್ಲಿಸಿದ್ದೇ ಇವತ್ತು, ಐದೂ ಒಂದೇ ಮಾತು ಹೇಳಿದವು, ಎರಡನೇದು ಗಟ್ಟಿಯಾಗಿದೆ, ಒಂದನೇದು ಸದ್ದಿಲ್ಲದೆ ಮಂಕಾಗುತ್ತ ಬಂದಿದೆ, ಗ್ಯಾಲಕ್ಸಿ ಬೆಳಗಿದ್ದೆಲ್ಲ ಅದರ ಮಂಕಿನಿಂದ. ವಿನೋದಿನಿಗೆ ಇದನ್ನೇ ಹೇಳಬೇಕು, ನಂಗ ಇವತ್ತ ಮುಂಜಾನೇನ ಗೊತ್ತಾತು, ನಿನ್ನಾಣಿ. ಹಳೆಯ ನೋಟ್‌ಬುಕ್ಕೂ ಬ್ಯಾಗಿನಲ್ಲಿದೆ, ಆಗ ಇಬ್ಬರೂ ಬರೆಯುತ್ತಿದ್ದ ನೋಟ್‌ಬುಕ್ಕು, ಅಂಟಿಸಿದ ಆಕಾಶದ ನಕ್ಷೆಯಲ್ಲಿ ಒಂದನೇ ನಂಬರಿನ ಪಕ್ಕ ಪೆನ್ಸಿಲಿನ ಸಣ್ಣ ಪ್ರಶ್ನೆಚಿಹ್ನೆ, ಹೊರಡುವ ಗಡಿಬಿಡಿಯಲ್ಲಿ ಕಣ್ಣಿಗೆ ಬಿದ್ದದ್ದು, ಪಾಪ, ವಿನೋದಿನಿ ಹಾಕಿದ್ದು, ಆಗಲೇ ಅನುಮಾನಪಟ್ಟಿದ್ದಾಳೆ. ಮಾಟುಂಗಾ. ಹೇಳದಿದ್ದರೆ ಏನಾಗುತ್ತದೆ, ಎರಡು ಸಾಲು, ಪೇಪರು ಅಚ್ಚಾಗುತ್ತದೆ, ಕೆಲಸ ಸಿಗುತ್ತದೆ, ಅಪ್ಪ ಚಾಳಿನ ಮನೆಮನೆಗೂ ಪೇಢೆ ಹಂಚುತ್ತಾನೆ, ಹೇಳಿದರೆ ಸರ್ ಮುಖ, ಅಯ್ಯೋ ಸರ್ ಮುಖ — ಆದರೆ ಆ ಪ್ರಶ್ನೆಚಿಹ್ನೆ, ಸಣ್ಣದು, ಅಳುಕಿನಿಂದ ಹಾಕಿದ ಹಾಗೆ, ವಿನೋದಿನಿ ಯಾವತ್ತು ಅಳುಕಿದಳು, ಪೆನ್ನಿನಲ್ಲಿ ದೊಡ್ಡದಾಗಿ ಗೀಚುವವಳು, ಇಲ್ಲ, ಆವತ್ತು ಪೆನ್ಸಿಲ್ ಇದ್ದಿರಬೇಕು, ಇರಲಿ.

ದಾದರ್ ಬಂತು, ನಿರ್ಧಾರ ಮಾಡುವ ತಾಪತ್ರಯವೇ ಉಳಿಯಲಿಲ್ಲ, ಹಿಂದಿನ ಹೆಂಗಸರೆಲ್ಲ ಸೇರಿ ದಾನೇಶ್ವರಿಯನ್ನು ಪ್ಲಾಟ್‌ಫಾರ್ಮಿಗೆ ತಳ್ಳಿದರು, ಚಪ್ಪಲಿ ಅರ್ಧ ಕಳಚಿತು, ಬೆರಳು ತಾನೇ ವಿನೋದಿನಿಗೆ ಫೋನ್ ಒತ್ತಿತು, ಎತ್ತಲಾರಳು, ನಂಬರನ್ನೇ ಅಳಿಸಿರುತ್ತಾಳೆ, ಎರಡೇ ಸಲ ರಿಂಗಾಯಿತು, ಹೇಳು ದಾನಿ, ಎಂತ ವಿಷಯ, ನಿನ್ನೆಯಷ್ಟೇ ಮಾತಾಡಿ ಫೋನಿಟ್ಟವಳ ಹಾಗೆ. ಅಳು ಬಂತು. ವಿನೂ, ನಂಗ ಇವತ್ತ ಮುಂಜಾನೇನ, ಎನ್ನುತ್ತ ಪುರಾವೆಗೆಂದು ನೋಟ್‌ಬುಕ್ ತೆರೆದು ಕಂಬಕ್ಕೆ ಒತ್ತಿ ಹಿಡಿದಳು, ಒಂದನೇ ನಂಬರು, ಪಕ್ಕದಲ್ಲಿ ಪ್ರಶ್ನೆಚಿಹ್ನೆ, ಅದರ ಕೆಳಗೆ ತಾರೀಖು, ಅದೂ ಪೆನ್ಸಿಲಿನಲ್ಲೇ, ೧೨ ಮಾರ್ಚ್, ಕನ್ನಡ ಅಂಕಿಯಲ್ಲಿ — ಸಂಸ್ಥೆಯಲ್ಲಿ ಕನ್ನಡ ಅಂಕಿ ಬರೆಯುವವಳು ಒಬ್ಬಳೇ, ಕುರ್ಲಾದ ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿತವಳು, ವಿನೋದಿನಿಗೆ ಆ ಅಂಕಿ ಓದಲೂ ಬಾರದು — ಮಾರ್ಚ್, ಆ ಜೂನಿಗೆ ಮೂರು ತಿಂಗಳು ಮೊದಲು, ದಾನಿ, ಕೇಳ್ತಾ ಉಂಟಾ, ಇವತ್ತು ಮುಂಜಾನೆ ಎಂತ ಆಯ್ತು, ಹೇಳು, ಇವತ್ತು ಮುಂಜಾನೆ, ಇವತ್ತು, ಪೆನ್ಸಿಲಿನ ಸಣ್ಣ ಪ್ರಶ್ನೆಚಿಹ್ನೆ, ಕೆಳಗೆ ೧೨ ಮಾರ್ಚ್, ಪ್ರಶ್ನೆಚಿಹ್ನೆ