ಹದಿಮೂರನೆಯ ತಿಂಗಳ ಹಿಮ

ಮುನಿಕೃಷ್ಣಪ್ಪ ಜಾಲಹಳ್ಳಿಯಿಂದ ಬ್ಯಾಟರಾಯನಪುರಕ್ಕೆ ಆ ಹಲಗೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದ ದಿನ ಕೊಡಿಗೇಹಳ್ಳಿ ಗೇಟಿನಲ್ಲಿ ರೈಲೇ ನಿಂತುಬಿಟ್ಟಿತು. ಸೈಕಲ್ಲು ಗೇಟು ದಾಟಿ ಅರ್ಧ ಫರ್ಲಾಂಗು ಹೋಗಿದ್ದರೂ ಹಲಗೆಯ ಬಾಲ ಇನ್ನೂ ಹಳಿಯ ಮೇಲೇ ಇತ್ತು. ಹಿಂದೂಪುರದ ಪ್ಯಾಸೆಂಜರಿನ ಡ್ರೈವರು ಕೆಳಗಿಳಿದು, ಬೀಡಿ ಹಚ್ಚಿ, ಅದು ಮುಗಿಯುವತನಕ ಕಾದ. ಅಳತೆ ಹಿಡಿದು ನೋಡಿದವರು ಏಳಡಿ ಅನ್ನುತ್ತಾರೆ. ಅಳತೆ ಹಿಡಿಯುವವರ ಮಾತು ಕೇಳಿದರೆ ಲೋಕದಲ್ಲಿ ಯಾವುದೂ ಉದ್ದ ಇಲ್ಲ.

ಹಲಗೆ ಕೊಟ್ಟವನು ಬೀಲರ್ ದೊರೆ, ಕಾರ್ಖಾನೆಯಲ್ಲಿ ಮೆಷಿನ್ನು ಕೂರಿಸಲು ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಇಂಜಿನಿಯರು. ಇಂಡಿಯಾದಲ್ಲಿ ಹಿಮಾಲಯ ಇದೆ ಎಂದು ಓದಿ, ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳನ್ನು ಹಡಗಿನಲ್ಲಿ ಹೊತ್ತು ತಂದಿದ್ದ. ಹಿಮಾಲಯ ಜಾಲಹಳ್ಳಿಗೆ ಎಷ್ಟು ದೂರ ಅಂತ ಮಾತ್ರ ಆ ಪುಣ್ಯಾತ್ಮನಿಗೆ ಯಾರೂ ಹೇಳಿರಲಿಲ್ಲ. ನಾಲ್ಕು ವರ್ಷ ಅವು ಬಂಗಲೆಯ ಗೋಡೆಗೆ ಒರಗಿದ್ದವು. ಅರವತ್ತೈದರಲ್ಲಿ ಊರಿಗೆ ಹೊರಟಾಗ ತನ್ನ ಕೈಕೆಳಗಿನ ಫಿಟ್ಟರು ಮುನಿಕೃಷ್ಣಪ್ಪನಿಗೆ ಅವನ್ನು ಕೊಟ್ಟು, ಕಾಶ್ಮೀರದ ಗುಲ್ಮಾರ್ಗಿನ ಬಿಳಿ ಬೆಟ್ಟದ ಚಿತ್ರವೊಂದನ್ನೂ ಕೊಟ್ಟು, ನೀನಾದರೂ ಹೋಗು ಎಂದ.

ಮುನಿಕೃಷ್ಣಪ್ಪನ ಹೆಂಡತಿ ಲಕ್ಕಮ್ಮ ಹಲಗೆಗಳನ್ನು ಮೂರು ಸುತ್ತು ಬಂದು ನೋಡಿದಳು. ಮೊದಲು ಅವುಗಳ ಮೇಲೆ ಸಂಡಿಗೆ ಒಣಗಿಸಿದಳು. ಆಮೇಲೊಂದು ಭಾನುವಾರ ಕಣದಲ್ಲಿದ್ದ ರಾಗಿಹುಲ್ಲಿನ ಬಣವೆಯ ಮೇಲೆ ಅವನ್ನಿಡಿಸಿ, ಸೀರೆ ಎತ್ತಿ ಸಿಕ್ಕಿಸಿ, ಏರಿ ನಿಂತಳು. ದೊರೆಯ ಪಾದಕ್ಕೆ ಮಾಡಿದ ಚರ್ಮದ ಪಟ್ಟಿ ಅವಳಿಗೆ ಸಡಿಲವಾಯಿತು. ಮುನಿಕೃಷ್ಣಪ್ಪ ಮೊಳೆ ಬಡಿದು ಇನ್ನೊಂದು ತೂತು ಮಾಡಿಕೊಟ್ಟ. ಆಮೇಲೆ ಜಾರಿದಳು ನೋಡಿ! ಊರಿನ ಲೆಕ್ಕದಲ್ಲಿ ಯಲಹಂಕದ ವಿಮಾನದ ಮೈದಾನದವರೆಗೆ. ಮುನಿಕೃಷ್ಣಪ್ಪನ ಲೆಕ್ಕದಲ್ಲಿ ನಾಲ್ಕು ಮೊಳ. ಹೋಗಿ ತಿಪ್ಪೆಯಲ್ಲಿ ಕೂತಳು. ಕೂತಲ್ಲೇ ನಕ್ಕೂ ನಕ್ಕೂ ಸುಸ್ತಾಗಿ ಹೇಳಿದಳು:

"ಆ ಪಟದಾಗೈತಲ್ಲ, ಅಲ್ಲೀಗಂಟ ಓಗಾನ. ಅದ್ರ ಮ್ಯಾಲೆ ಒಂದ್ ಕಿತ ಜಾರ್ಬುಟ್ಟು ಬರಾನ. ಸತ್ಯ ಮಾಡು."

ಸಗಣಿ ಮೆತ್ತಿದ ಕೈ ಚಾಚಿದಳು. ಅವನು ಆ ಕೈ ಮೇಲೆ ಕೈಯಿಟ್ಟು ಸತ್ಯ ಮಾಡಿದ.

ಮುಂದಿನ ವರ್ಷ ಮೂರು ದಿನ ಜ್ವರ ಬಂದು, ರಾಮನವಮಿಯ ಮಾರನೆಯ ದಿನ, ಮಾರ್ಚ್ ಮೂವತ್ತೊಂದಕ್ಕೆ ಲಕ್ಕಮ್ಮ ತೀರಿಕೊಂಡಳು.

ಅವತ್ತಿನಿಂದ ಮುನಿಕೃಷ್ಣಪ್ಪ ಮರಗಟ್ಟಿದ. ಅಳಲಿಲ್ಲ. ಕುದಿಯುವ ಕಾಫಿಯನ್ನು ಮಜ್ಜಿಗೆಯ ಹಾಗೆ ಗಟಗಟ ಕುಡಿದು ಲೋಟ ಕೆಳಗಿಡುತ್ತಿದ್ದ. ಸಾರಿಗೆ ಉಪ್ಪು ಹಾಕದಿದ್ದರೂ ಸರಿ, ಎರಡು ಸಲ ಹಾಕಿದರೂ ಸರಿ. ಕಾರ್ಖಾನೆಯಲ್ಲಿ ಬೆರಳಿಗೆ ಕಬ್ಬಿಣದ ಚೂರು ಹೊಕ್ಕು ರಕ್ತ ಎಷ್ಟು ಹರಿಯಿತೆಂದರೆ ಮುಂದಿನ ಶಿಫ್ಟಿನವರು ದೋಣಿ ತರಬೇಕಾಯಿತು. ಪಕ್ಕದವನು ಕೂಗುವತನಕ ಇವನಿಗೆ ಗೊತ್ತೇ ಆಗಲಿಲ್ಲ. ಊರವರು ಮೊದಲು ಕನಿಕರಪಟ್ಟರು, ಆಮೇಲೆ ಬೇಜಾರುಪಟ್ಟರು, ಆಮೇಲೆ ಮರೆತರು. ಅವನೊಳಗೆ ಉಳಿದಿದ್ದು ಒಂದೇ, ಕೈ ಮೇಲೆ ಕೈಯಿಟ್ಟು ಆಡಿದ ಮಾತು. ಅದೂ ನೋಯುತ್ತಿರಲಿಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕ ಮಾವಿನ ನಾರಿನ ಹಾಗೆ ಸುಮ್ಮನೆ ಇತ್ತು.

ಆದರೆ ಸಾವಾದ ಮನೆಯವರು ವರ್ಷ ತುಂಬುವವರೆಗೆ ಬೆಟ್ಟ ಏರುವ ಹಾಗಿಲ್ಲ. ತಿರುಪತಿಯಿಲ್ಲ, ನಂದಿಯಿಲ್ಲ. ಹಾಗಾಗಿ ಕಾದ. ಬೀಲರ್ ದೊರೆಗೆ ಕಾಗದ ಬರೆದು ಕೇಳಿದ. ಏಪ್ರಿಲ್ ಹದಿನೈದರವರೆಗೆ ಜಾರಬಹುದು, ಆಮೇಲೆ ಅದು ಹಿಮವಲ್ಲ, ಕೆಸರು ಎಂದು ಉತ್ತರ ಬಂತು. ಮುನಿಕೃಷ್ಣಪ್ಪ ಕಾರ್ಖಾನೆಯ ಕ್ಯಾಲೆಂಡರು ಮುಂದಿಟ್ಟುಕೊಂಡು ಪ್ಲಾನು ಬರೆದ. ಸ್ಕೇಲು ಹಿಡಿದು, ಪೆನ್ಸಿಲು ಚೂಪು ಮಾಡಿ ಬರೆದ ಆ ಹಾಳೆಯ ಮುಂದೆ ಕನ್ನಂಬಾಡಿ ಕಟ್ಟೆಯ ನಕ್ಷೆ ಮಕ್ಕಳ ರಂಗೋಲಿ. ಮಾರ್ಚ್ ಮೂವತ್ತೊಂದಕ್ಕೆ ವರ್ಷದ ಕಾರ್ಯ. ಒಂದನೇ ತಾರೀಕು ದಂಡು ಸ್ಟೇಷನ್ನಿನಿಂದ ಮದ್ರಾಸು, ಅಲ್ಲಿಂದ ದಿಲ್ಲಿ, ಪಠಾಣಕೋಟೆ, ಆಮೇಲೆ ಬಸ್ಸು. ಎಂಟನೇ ತಾರೀಕು ಗುಲ್ಮಾರ್ಗು. ಮೂರು ದಿನ ಹಿಮ. ಹದಿನೆಂಟಕ್ಕೆ ವಾಪಸ್ಸು. ರಜೆ ಮಂಜೂರಾಯಿತು. ಯಲಹಂಕದ ದರ್ಜಿ ಕಂಬಳಿಯಲ್ಲಿ ಷರಾಯಿ ಹೊಲಿದುಕೊಟ್ಟ. ಅದನ್ನು ತೊಟ್ಟು ಬೀದಿಗೆ ಬಂದರೆ ಊರಿನ ಕುರಿಗಳೆಲ್ಲ ಅವನ ಹಿಂದೆ ಹೊರಟವು. ಇಷ್ಟನ್ನೆಲ್ಲ ಅವನು ಸಂತೋಷವಾಗಿ ಮಾಡಿದ ಅಂದುಕೊಳ್ಳಬೇಡಿ. ಮೆಷಿನ್ನಿಗೆ ಎಣ್ಣೆ ಬಿಟ್ಟ ಹಾಗೆ ಮಾಡಿದ.

ಮಾರ್ಚ್ ನಡುವೆ ಯಲಹಂಕದಿಂದ ಅಕ್ಕ ಸೊಣ್ಣಮ್ಮ ಬಂದಳು. ಜಗಲಿಯ ಮೇಲೆ ಜಟಕಾದ ಗಯಾಸ್ ಕೂತು, ಹಲಗೆಗಳಿಗೆ ಜೇನುಮೇಣ ತಿಕ್ಕುತ್ತಿದ್ದ ಗೆಳೆಯನನ್ನು ನೋಡುತ್ತಿದ್ದ.

"ಎಡೆಗೆ ಅಕ್ಕಿ ಈಗ್ಲೇ ತರದು ಬ್ಯಾಡ," ಅಂದಳು ಸೊಣ್ಣಮ್ಮ. "ಇನ್ನೂ ತಿಂಗಳೈತೆ. ಉಳ ಬೀಳ್ತದೆ."

"ತಿಂಗಳೆಲ್ಲಿ ಅಕ್ಕ, ಹದಿನೈದು ದಿವ್ಸ. ಮೂವತ್ತೊಂದಕ್ಕೆ."

"ಯಾವನ್ಲಾ ಏಳ್ದೋನು ಮೂವತ್ತೊಂದು ಅಂತ? ಜೋಯಿಸ್ರನ್ನ ಕೇಳ್ಕಂಡೇ ಬಂದಿವ್ನಿ. ಓದ್ ವರ್ಷ ಎರಡು ಶ್ರಾವಣ ಬಂತು. ಒಂದು ಅಧಿಕ. ನಿನ್ನೆಂಡ್ರುಗೆ ವರ್ಷಕ್ಕೆ ಅದಿಮೂರು ತಿಂಗಳು. ಅವ್ಳ ತಿಥಿ ಬರದು ಏಪ್ರಿಲ್ ಅತ್ತೊಂಬತ್ತಕ್ಕೆ."

ಮುನಿಕೃಷ್ಣಪ್ಪ ಮೇಣ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಎಡಗೈಯಿಂದ ಹಾಳೆಯನ್ನು ಹತ್ತಿರ ಎಳೆದುಕೊಂಡು ನೋಡಿದ. ಹತ್ತೊಂಬತ್ತಕ್ಕೆ ತಿಥಿ, ಇಪ್ಪತ್ತಕ್ಕೆ ಹೊರಟರೆ ಇಪ್ಪತ್ತೇಳು. ಕೆಸರು. ಇಂಚಿನ ಸಾವಿರದಲ್ಲೊಂದು ಪಾಲು ತಪ್ಪಿದರೂ ಕಣ್ಣಲ್ಲೇ ಹಿಡಿಯುವ ಫಿಟ್ಟರು ಒಂದು ಇಡೀ ತಿಂಗಳ ಲೆಕ್ಕ ತಪ್ಪಿದ್ದ.

"ಮುಂದಿನ್ ವರ್ಷ ಓಗಾಕಿಲ್ವಾ?" ಅಂದಳು ಅಕ್ಕ, ಸ್ವಲ್ಪ ಮೆತ್ತಗೆ.

"ಈ ರಜೆ ಹೋದ್ರೆ ಹೋಯ್ತಕ್ಕ. ಇನ್ನು ಮೂರು ವರ್ಷ ಕೊಡಲ್ಲ."

ಗಯಾಸ್ ಗಂಟಲು ಸರಿಮಾಡಿಕೊಂಡ. "ಒಂದ್ ಮಾತು ಕೇಳ್ತೀನಿ ಸೊಣ್ಣಕ್ಕ. ನಿಮ್ಮಲ್ಲಿ ಬೆಟ್ಟ ಏರಬಾರ್ದು ಅಂತ ತಾನೆ ಇರೋದು? ಏರೋದು ಬಸ್ಸು. ನಮ್ ಕಿಟ್ಟಣ್ಣ ಬರೀ ಇಳೀತಾನೆ. ಇಳೀಬಾರ್ದು ಅಂತ ಯಾರಾದ್ರೂ ಹೇಳವ್ರಾ?"

"ಈ ಲಾಯರಿಕೆ ನಿನ್ ಕುದ್ರೆ ಅತ್ರ ಮಾಡು. ಅದ್ಕೂ ನಿಂಗಿಂತ ಬುದ್ಧಿ ಐತೆ, ನಗ್ತದೆ."

"ಅದು ನಗೋದು ನಿಮ್ಮನ್ನ ಹತ್ತಿಸ್ಕೊಂಡಾಗ್ಲೇ, ಭಾರಕ್ಕೆ."

ಸೊಣ್ಣಮ್ಮ ಅವನ ಕಡೆ ತಿರುಗಲಿಲ್ಲ. ತಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಸುಮ್ಸುಮ್ನೆ ಏಳಾಕಿಲ್ಲ ಕಣಪ್ಪ ದೊಡ್ಡೋರು. ವರ್ಷ ತುಂಬೋಗಂಟ ಸತ್ತೋರು ದಾರಿಯಾಗೇ ಇರ್ತಾರೆ. ನೀನು ಎತ್ತರಕ್ಕೆ ಓಗಿ ನಿಂತ್ರೆ ಅವ್ಳ ಕಣ್ಣಿಗೆ ಬೀಳ್ತೀಯ. ಕಂಡ್ಳು ಅಂದ್ರೆ ದಾರಿ ಬಿಟ್ಟು ನಿನ್ನಿಂದೇನೇ ಬತ್ತಾಳೆ."

ಮೇಣ ತಿಕ್ಕುತ್ತಿದ್ದ ಕೈ ನಿಂತಿತು.

"ಎಲ್ಲೀಗಂಟ ಬತ್ತಾಳೆ?"

"ನೀನು ಎಲ್ಲೀಗಂಟ ಓಗ್ತೀಯೋ ಅಲ್ಲೀಗಂಟ."

"ಗುಲ್ಮಾರ್ಗ್‌ಗೂ?"

"ಅವ್ಳಿಗೇನ್ ಟಿಕೀಟಾ, ಸಿಗ್ನಲ್ಲಾ?" ಅಂದವಳು, ತಮ್ಮನ ಮುಖ ನೋಡಿ ಬಾಯಿ ಮುಚ್ಚಿದಳು.

ಆ ಮುಖದಲ್ಲಿ ಸೂರ್ಯ ಹುಟ್ಟಿದ, ನವಿಲು ಕುಣಿಯಿತು ಅಂತ ಹೇಳಲು ನಾಲಿಗೆ ತುರಿಸುತ್ತದೆ. ಹಾಗೇನೂ ಆಗಲಿಲ್ಲ. ಮುನಿಕೃಷ್ಣಪ್ಪ ಹಲಗೆಯನ್ನು ಮಗುಚಿ, ಚರ್ಮದ ಪಟ್ಟಿಯಲ್ಲಿ ಮೊಳೆ ಬಡಿದು ಮಾಡಿದ್ದ ತೂತಿನೊಳಗೆ ಕೂತಿದ್ದ ಧೂಳನ್ನು ಕಡ್ಡಿಯಿಂದ ತೆಗೆದ. ಬಾಯಿಂದ ಊದಿದ. ಪಟ್ಟಿಯನ್ನು ಆ ತೂತಿಗೆ ಹಾಕಿ ಬಿಗಿದು ನೋಡಿದ. ಹಾಳೆಯಲ್ಲಿ ವರ್ಷದ ಕಾರ್ಯ ಎಂದಿದ್ದ ಸಾಲನ್ನು ಅಳಿಸಿ, ಹದಿನೆಂಟು ವಾಪಸ್ಸಿನ ಕೆಳಗೆ ಹತ್ತೊಂಬತ್ತು ಎಂದು ಬರೆದ. ಉಳಿದದ್ದನ್ನು ಮುಟ್ಟಲಿಲ್ಲ.

ಸೊಣ್ಣಮ್ಮ ಎರಡು ವಾರ ಮಾತು ಬಿಟ್ಟಳು. ಅವಳ ಸಿಟ್ಟಿಗೆ ಯಲಹಂಕದ ಕೆರೆಯ ಮೀನುಗಳು ಅರ್ಧ ಬೆಂದವು. ಆದರೂ ಒಂದನೇ ತಾರೀಕು ಬೆಳಗ್ಗೆ ಗಯಾಸನ ಜಟಕಾ ಹಲಗೆಗಳನ್ನು ಹೊತ್ತು, ಎರಡೂ ಕಡೆ ಕೊಂಬು ಚಾಚಿಕೊಂಡು ನಿಂತಾಗ, ಸೆರಗಿನಡಿ ಹುರಿಹಿಟ್ಟಿನ ಗಂಟು ಹಿಡಿದು ಬಂದಳು. ತಮ್ಮನ ಮಡಿಲಲ್ಲಿಟ್ಟು ಹೇಳಿದಳು:

"ಅತ್ತೊಂಬತ್ತಕ್ಕೆ ಎಡೆ ಇಕ್ಬೇಕು. ಎಲೆ ಮುಂದೆ ಅವ್ಳಿರ್ಬೇಕು. ಅಷ್ಟ್ರಾಗೆ ಕರ್ಕಂಡ್ ಬಂದ್ಬುಡು."

"ಹದಿನೆಂಟು ಅಂತ ಬರ್ದಿದೀನಿ ಅಕ್ಕ."

"ಚಳೀಲಿ ಬಾಳ ಒತ್ತು ನಿಲ್ಲಿಸ್ಬ್ಯಾಡ."

ಗಾಡಿ ಹೆಬ್ಬಾಳದ ಕಡೆ ಹೊರಟಿತು. ಮುನಿಕೃಷ್ಣಪ್ಪ ಸೀಟಿನ ಒಂದು ತುದಿಗೆ ಸರಿದು, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು, ಗಂಟನ್ನು ಹಿಡಿದುಕೊಂಡು ಕೂತಿದ್ದ. ಕೆರೆ ಏರಿಯ ಮೇಲೆ ಗಾಳಿ ಬೀಸಿತು.

"ನಡುವೆ ಕೂತ್ಕೊ ಗುರು," ಅಂದ ಗಯಾಸ್, ಹಿಂದೆ ನೋಡದೆ. "ಗಾಡಿ ವಾಲ್ತಾ ಇದೆ."

ಮುನಿಕೃಷ್ಣಪ್ಪ ಅಲುಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಗಯಾಸೇ ತನ್ನ ಜಾಗದಲ್ಲಿ ಇನ್ನೊಂದು ಪಕ್ಕಕ್ಕೆ ಸರಿದು ಕೂತು, ಗಾಡಿಯನ್ನು ಸರಿದೂಗಿಸಿದ.