ರಸ್ತೆಯಿಂದ ಅಳೆದ ನೀರು

ಸಭೆ ಇದ್ದದ್ದು ಹತ್ತು ಗಂಟೆಗೆ. ಎಂಟೂವರೆಗೆ ಅರುಮಿ ಮೂರನೇ ಓಣಿಗೆ ಬಂದದ್ದು ಖಾಲಿ ಉಳಿದಿದ್ದ ಒಂದೇ ಒಂದು ಸಮೀಕ್ಷೆ ನಮೂನೆ ತುಂಬಿಸಿಕೊಂಡು ಹೋಗಲಿಕ್ಕೆ, ಅಷ್ಟೇ. ತಾಂಬಾಕ್ ಲಾರಿಕ್‌ನ ಏಳು ಓಣಿಗಳಲ್ಲಿ ನೂರೆಂಬತ್ತು ಮನೆಗಳು. ನೂರೆಪ್ಪತ್ತೊಂಬತ್ತಕ್ಕೆ ಅವಳ ತರಗತಿಯವರು ಹೋಗಿ ಬಂದಾಗಿತ್ತು. ಸಾರ್ತಿ ಅಜ್ಜಿಯ ಮನೆಯೊಂದು ಬಿಟ್ಟುಹೋಗಿತ್ತು. ಹೋದಾಗಲೆಲ್ಲ ಅಜ್ಜಿ ಮೀನುಪೇಟೆಯಲ್ಲಿರುತ್ತಿದ್ದಳು.

ಸಮಾಜಶಾಸ್ತ್ರದ ಮೂರನೇ ವರ್ಷದವರಿಗೆ ನಕ್ಷೆ ಮಾಡುವುದನ್ನು ಕಲಿಸುವ ಹುಚ್ಚು ಅಧ್ಯಾಪಕಿ ಬು ಹೆಸ್ತಿಯವರದು; ಇಲ್ಲಿ ಹಿರಿಯ ಹೆಂಗಸರಿಗೆಲ್ಲ ಬು, ಗಂಡಸರಿಗೆ ಪಾಕ್. "ಬರೀ ಪುಸ್ತಕ ಓದಿ ಬಡತನದ ಬಗ್ಗೆ ಬರೀಬೇಡಿ, ಅದು ಯಾವ ಓಣೀಲಿದೆ ಅಂತ ತೋರಿಸಿ" ಎಂದು ಮೊದಲ ದಿನವೇ ಎಲ್ಲರ ಕೈಗೂ ಅಳತೆಪಟ್ಟಿ ಕೊಟ್ಟಿದ್ದರು. ಸೆಮರಾಂಗ್ ನಗರದ ಈ ಕಡಲಂಚಿನ ಕೇರಿಗೆ ಉಬ್ಬರದ ನೀರು ನುಗ್ಗುವುದು ಹೊಸದೇನಲ್ಲ. ಕಳೆದ ತಿಂಗಳ ನೀರು ಎಲ್ಲೆಲ್ಲಿ ಎಷ್ಟೆಷ್ಟು ಬಂತು ಎಂಬುದನ್ನು ಬಣ್ಣದಲ್ಲಿ ತೋರಿಸುವುದೇ ಈ ಸಲದ ಕೆಲಸವಾಗಿತ್ತು. ಹೆಚ್ಚು ನೀರಿದ್ದಷ್ಟೂ ಬಣ್ಣ ಗಾಢ. ಸುದ್ದಿ ವಾರ್ಡಿನ ಕಚೇರಿಗೆ ಮುಟ್ಟಿ, ಅಲ್ಲಿನ ಅಧಿಕಾರಿ, ಎಲ್ಲರೂ ಪಾಕ್ ಲುರಾ ಎನ್ನುವವರು, ತಾವೇ ಫೋನು ಮಾಡಿದ್ದರು. ನೀರೆತ್ತುವ ಪಂಪು ಒಂದು ಮಂಜೂರಾಗಿದೆ, ಯಾವ ಓಣಿಗೆ ಹಾಕಬೇಕೋ ತಿಳಿಯುತ್ತಿಲ್ಲ, ನಿಮ್ಮ ನಕ್ಷೆಯಲ್ಲಿ ಯಾವುದು ಕಪ್ಪಗಿದೆಯೋ ಸಭೆಯಲ್ಲಿ ಅಲ್ಲಿಗೇ ಸಹಿ ಹಾಕುತ್ತೇನೆ ಎಂದು. ಕಡತ ಈ ದಿನ ಮಧ್ಯಾಹ್ನದೊಳಗೆ ನಗರಪಾಲಿಕೆಗೆ ಹೋಗಬೇಕು. ಹೋಗದಿದ್ದರೆ ಪಂಪು ಬೇರೆ ವಾರ್ಡಿನ ಪಾಲು. ವರ್ಷದ ದೊಡ್ಡ ಉಬ್ಬರಕ್ಕೆ ಇನ್ನು ಹತ್ತೊಂಬತ್ತು ದಿನ ಮಾತ್ರ ಇತ್ತು.

ನಮೂನೆ ಅರುಮಿಯದು. ತರಗತಿಯಲ್ಲಿ ಹಾಜರಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಬಾಯಿ ತೆರೆಯದ ಹುಡುಗಿ ಬರೆದ ಆ ಒಂದು ಹಾಳೆಯನ್ನು ಬು ಹೆಸ್ತಿ ಎಲ್ಲರೆದುರು ಎತ್ತಿ ಹಿಡಿದಿದ್ದರು. "ರಸ್ತೆಯಿಂದ ಗೋಡೆಯ ಮೇಲಿನ ನೀರಿನ ಗುರುತಿಗೆ ಎಷ್ಟು ಸೆಂಟಿಮೀಟರ್?" ಯಾವ ಮನೆಗೆ ಹೋದರೂ ಪಟ್ಟಿಯ ಒಂದು ತುದಿ ರಸ್ತೆಯ ಮೇಲೆ. ಎಲ್ಲರಿಗೂ ಒಂದೇ ಅಳತೆ, ತಕರಾರಿಲ್ಲ.

ಸಾರ್ತಿ ಅಜ್ಜಿ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ರಸ್ತೆಗೇ ತಂದು ಹಾಕಿದಳು. "ಕೂತ್ಕೊಳ್ಳಿ, ಕೂತ್ಕೊಳ್ಳಿ. ಚಹಾ ಇಟ್ಟಿದೀನಿ."

"ಬೇಡ ಅಜ್ಜಿ, ಎರಡೇ ನಿಮಿಷದ ಕೆಲಸ," ಎಂದ ಅರುಮಿಯ ಜೊತೆಗಾರ ಬಿಮೊ. ಹೇಳುತ್ತಲೇ ಕುರ್ಚಿಯಲ್ಲಿ ಕೂತ. ಕೂತವನೇ ಗೋಡೆಗೆ ಪಟ್ಟಿ ಹಿಡಿದು "ಹದಿನೈದು" ಎಂದ. ಅರುಮಿ ಬರೆದುಕೊಂಡಳು. ಈ ಓಣಿಯಲ್ಲಿ ಎಲ್ಲ ಮನೆಗಳೂ ಹದಿನೈದು, ಹದಿನೆಂಟರ ಆಸುಪಾಸೇ. ನಕ್ಷೆಯಲ್ಲಿ ಮೂರನೇ ಓಣಿ ತಿಳಿ ಹಳದಿ.

ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು. "ಏ ಮಗಳೇ, ಬಾರೇ ಇಲ್ಲಿ. ತಟ್ಟೆ ಹಿಡ್ಕೊಂಡು ಮೆಟ್ಟಿಲು ಹತ್ತೋಕೆ ನನ್ನ ಮಂಡಿ ಒಪ್ತಾ ಇಲ್ಲ."

ಅರುಮಿ ಚಪ್ಪಲಿ ಬಿಟ್ಟು ಬಾಗಿಲಿಗೆ ಹೋದಳು. ಬಾಗಿಲಿನಾಚೆ ನೆಲವೇ ಇರಲಿಲ್ಲ. ಮೂರು ಮೆಟ್ಟಿಲು ಕೆಳಗಿತ್ತು. ಇಳಿಯುವಾಗ ಹಣೆ ಬಾಗಿಲಿನ ಅಡ್ಡಪಟ್ಟಿಗೆ ಬಡಿಯಿತು. ಒಳಗೆ ಮಂಚವನ್ನು ಮೂರು ಮೂರು ಇಟ್ಟಿಗೆಗಳ ಮೇಲೆ ಏರಿಸಿದ್ದರು. ಫ್ರಿಜ್ಜು ಸಿಮೆಂಟಿನ ಕಟ್ಟೆಯ ಮೇಲೆ, ಅನ್ನದ ಕುಕ್ಕರು ತಲೆಗಿಂತ ಮೇಲಿನ ಹಲಗೆಯಲ್ಲಿ. ಕಾಲಡಿಯ ನೆಲ ಇನ್ನೂ ತಣ್ಣಗೆ ಅಂಟುತ್ತಿತ್ತು. ಗೋಡೆಯ ಸುತ್ತ ಕಂದು ಬಣ್ಣದ ಒಂದು ಗೆರೆ ಓಡಿತ್ತು. ಅರುಮಿ ಅದರ ಪಕ್ಕ ನಿಂತಳು. ಗೆರೆ ಅವಳ ಎದೆಯ ಹತ್ತಿರಕ್ಕೆ ಬಂತು.

"ಅಜ್ಜೀ, ನೀರು ಒಳಗೆ ಇಷ್ಟು ಬಂದಿತ್ತಾ?"

"ಮತ್ತೇನು, ಬೆಲ್ ಮಾಡಿ ಹೊರಗೇ ನಿಲ್ಲತ್ತಾ? ನಗರಪಾಲಿಕೆಯವರು ರಸ್ತೆಗೆ ಮಣ್ಣು ಹಾಕಿ ಹಾಕಿ ಎತ್ತರ ಮಾಡಿದ್ರು. ಕೈಲಾದವರು ಮನೇನೂ ಎತ್ತರ ಮಾಡ್ಕೊಂಡ್ರು. ನಾನು ಏನು ಎತ್ತಲಿ, ನನ್ನ ಸೊಂಟಾನಾ?"

"ಮತ್ತೆ ಈ ಓಣೀಲಿ ಯಾರೂ ಹೇಳಲೇ ಇಲ್ವಲ್ಲ ನಮಗೆ."

"ನೀವು ರಸ್ತೇಲಿ ನಿಂತು ಗೋಡೆ ಅಳೆದ್ರಂತೆ, ಚಹಾ ಕುಡಿದ್ರಂತೆ, ಹೋದ್ರಂತೆ. ಕಾಲೇಜಿನ ಮಕ್ಕಳು ಬಂದಾಗ ಕೆಸರಿನೊಳಗೆ ಬನ್ನಿ ಅಂತ ಕರೆಯೋಕಾಗತ್ತಾ? ನಾಚಿಕೆ ಆಗಲ್ವಾ?"

ಅರುಮಿ ತಟ್ಟೆ ತೆಗೆದುಕೊಳ್ಳದೆ ನಿಂತೇ ಇದ್ದಳು. ಈ ಓಣಿಯಲ್ಲಿ ಕಳೆದ ಮೂರು ವಾರ ಕುಡಿದ ಚಹಾ ಎಲ್ಲ ಒಂದೊಂದಾಗಿ ನೆನಪಾಯಿತು. ಪ್ರತಿಸಲವೂ ಕುರ್ಚಿ ರಸ್ತೆಯಲ್ಲಿ. ಕರೆಯದೆ ಯಾರ ಮನೆಯೊಳಗೂ ಕಾಲಿಡಬಾರದು ಎಂದು ಅವಳನ್ನು ಬೆಳೆಸಿದ್ದರು. ಅತಿಥಿಗೆ ಹೊಲಸು ನೆಲ ತೋರಿಸಬಾರದು ಎಂದು ಇವರನ್ನು. ಎರಡು ಮರ್ಯಾದೆಗಳ ನಡುವೆ ಒಂದು ಮೀಟರು ನೀರು ಯಾರ ಲೆಕ್ಕಕ್ಕೂ ಸಿಗದೆ ಹೋಗಿತ್ತು.

ಒಂದನೇ ಓಣಿಯೋ? ಅಲ್ಲಿ ರಸ್ತೆ ಇನ್ನೂ ತಗ್ಗಿನಲ್ಲೇ ಇದೆ. ಗೇಟಿನ ಮೇಲೆ ಗುರುತು ಅರವತ್ತೆರಡು. ಆದರೆ ಅಲ್ಲಿನ ಬು ತುಮಿನಿಯ ಮನೆಗೆ ಐದು ಮೆಟ್ಟಿಲು ಹತ್ತಬೇಕು. ನಡುಮನೆಯ ಬಿಳಿ ಟೈಲ್ಸಿನ ಮೇಲೆ ಕೂತು ಅರುಮಿ ಕರಿದ ಬಾಳೆಹಣ್ಣು ತಿಂದಿದ್ದಳು. ನಕ್ಷೆಯಲ್ಲಿ ಕಪ್ಪಗಿದ್ದದ್ದು ಆ ಓಣಿ.

"ಒಂದು ಮನೆ ಕಣೇ," ಎಂದ ಬಿಮೊ, ರಸ್ತೆಗೆ ಬಂದ ಅವಳು ತೊದಲುತ್ತ ಎಲ್ಲ ಹೇಳಿದ ಮೇಲೆ. "ನೂರೆಂಬತ್ತರಲ್ಲಿ ಒಂದು. ಅಡಿಟಿಪ್ಪಣಿ ಹಾಕಿದ್ರಾಯ್ತು."

"ಈ ಓಣೀಲಿ ನೀನು ಯಾರ ಮನೆ ಒಳಗಾದ್ರೂ ಹೋಗಿದ್ಯಾ?"

ಬಿಮೊ ಓಣಿಯ ಬಾಗಿಲುಗಳನ್ನು ಒಂದೊಂದಾಗಿ ನೋಡಿದ. ಹೆಚ್ಚುಕಡಿಮೆ ಎಲ್ಲ ಬಾಗಿಲುಗಳೂ ಗಿಡ್ಡ, ಬುಡ ಹೂತುಹೋದಂತೆ. "ಅಯ್ಯೋ ದೇವ್ರೇ," ಎಂದ. ಆಮೇಲೆ ದನಿ ತಗ್ಗಿಸಿ, "ನೋಡು, ನಮೂನೆ ನಿಂದು. ಬು ಹೆಸ್ತಿ ಇವತ್ತು ವಿಭಾಗದ ಮುಖ್ಯಸ್ಥರನ್ನೂ ಕರ್ಕೊಂಡು ಬರ್ತಿದಾರೆ. ಯೋಚ್ನೆ ಮಾಡು" ಎಂದ.

ಅರುಮಿಗೆ ಯೋಚನೆ ಮಾಡಲು ಧೈರ್ಯವಿರಲಿಲ್ಲ. ಮಾಡಿದ್ದರೆ ಅಲ್ಲಿಂದ ಓಡಿಹೋಗುತ್ತಿದ್ದಳು. "ಪಟ್ಟಿ ಕೊಡು," ಎಂದಳು.

ಪಕ್ಕದ ಮನೆಯ ಬಾಗಿಲಲ್ಲಿ ಪಾಕ್ ಕಸ್ಮುರಿ ನಿಂತಿದ್ದರು. ಬಲೆ ಹೆಣೆಯುವ ಅಗಲ ಕೈಗಳ ಆ ಮನುಷ್ಯನೇ ಮೂರನೇ ಓಣಿಯ ಮುಖಂಡ. "ಮತ್ತೇನು ಅಳತೆ? ನಮ್ಮ ಓಣಿಗೆ ಏನೂ ತೊಂದ್ರೆ ಇಲ್ಲ ಅಂತ ಸಹಿ ಹಾಕಿ ಕೊಟ್ಟಿಲ್ವಾ ನಾನು?"

"ಪಾಕ್, ಮನೆ ಒಳಗೆ..."

"ಒಳಗೆ ಏನಿದ್ರೆ ನಿಮಗೇನು? ಮುಳುಗೋ ಓಣಿ ಅಂತ ಕಾಗದದ ಮೇಲೆ ಹೆಸರು ಬಿದ್ರೆ ನಾಳೆ ನಮ್ಮನ್ನ ಎತ್ತಿ ಊರಾಚೆ ಫ್ಲಾಟಿಗೆ ತುಂಬ್ತಾರೆ. ಐದನೇ ಮಹಡೀಲಿ ಕೂತು ನಾನು ಯಾವ ಸಮುದ್ರಕ್ಕೆ ಬಲೆ ಹಾಕ್ಲಿ? ನೀವು ಅಂಕ ತಗೊಂಡು ಹೋಗ್ತೀರಿ. ಇಲ್ಲಿ ಇರೋರು ನಾವು."

ಅವರು ಹೇಳಿದ್ದು ಸುಳ್ಳೆಂದು ಹೇಳುವ ಹಾಗಿರಲಿಲ್ಲ. ಆದರೆ ಸಾರ್ತಿ ಅಜ್ಜಿ ಬಾಗಿಲಿನಿಂದ ತಲೆ ಹೊರಗೆ ಹಾಕಿದಳು.

"ಕಸ್ಮುರಿ, ಹೋದ ತಿಂಗಳು ನಿನ್ನ ಹೆಂಡ್ತಿ ಮಗೂನ ಎತ್ಕೊಂಡು ಬೀರು ಮೇಲೆ ಕೂತಿದ್ಲಲ್ಲ, ಅದು ಗಾಳಿ ತಗೊಳೋಕಾ? ನಿನ್ನ ಮನೆ ನೀನು ಮುಚ್ಚಿಟ್ಕೊ. ನನ್ನ ಮನೆ ನಾನು ಅಳೆಸ್ತೀನಿ. ಬಾ ಮಗಳೇ, ಒಳಗೆ ಬಾ. ಎಲ್ಲಿ, ಎದುರುಮನೆ ಸುಮಿಯಾತಿ! ಬಾಗಿಲು ತೆಗಿಯೇ, ಈ ಹುಡುಗೀಗೆ ನಿನ್ನ ಗೋಡೆನೂ ತೋರಿಸು!"

ಕಸ್ಮುರಿ ಬಾಗಿಲು ಹಾಕಿಕೊಂಡರು. ಉಳಿದ ಬಾಗಿಲುಗಳು ಒಂದೊಂದೇ ತೆರೆದವು, ಎಲ್ಲವೂ ಅಲ್ಲ. ಹತ್ತಕ್ಕೆ ಐದು ನಿಮಿಷ ಇರುವಾಗ ಅರುಮಿಯ ಪುಸ್ತಕದಲ್ಲಿ ಹನ್ನೊಂದು ಮನೆಗಳ ಸಂಖ್ಯೆಗಳಿದ್ದವು. ಅತಿ ಕಡಿಮೆ ಎಪ್ಪತ್ತಮೂರು. ಅಜ್ಜಿಯದು ನೂರಹತ್ತು.

ಸಭಾಭವನದಲ್ಲಿ ನಕ್ಷೆ ಗೋಡೆಯ ಉದ್ದಕ್ಕೂ ತೂಗಿತ್ತು. ಒಂದನೇ ಓಣಿಯವರು ಮುಂದಿನ ಸಾಲಿನಲ್ಲಿ ಒಳ್ಳೆಯ ಬಾಟಿಕ್ ಅಂಗಿಗಳಲ್ಲಿ ಕೂತಿದ್ದರು. ಮೂರನೇ ಓಣಿಯಿಂದ ಕಸ್ಮುರಿ ಒಬ್ಬರೇ, ಹಿಂದಿನ ಕಂಬಕ್ಕೆ ಒರಗಿ. ಬು ಹೆಸ್ತಿ ವೇದಿಕೆಯಲ್ಲಿ ಪಾಕ್ ಲುರಾರ ಪಕ್ಕದಲ್ಲಿದ್ದರು. ಅರುಮಿ ಮೆಟ್ಟಿಲ ಬಳಿ ಹೋಗಿ ಕೈಬೀಸಿದಳು. ಅವರು ನಕ್ಕು, ಕೂತುಕೋ ಎಂದು ಸನ್ನೆ ಮಾಡಿದರು. ಅವಳು ಕೂರಲಿಲ್ಲ. ಅವರು ಮತ್ತೆ ಸನ್ನೆ ಮಾಡಿದರು. ಈ ಸಲ ನಗಲಿಲ್ಲ. ಅವಳು ಕೂತಳು.

"ಹಾಗಾದ್ರೆ ಯಾವುದೇ ಸಂಶಯ ಇಲ್ಲ," ಎಂದರು ಪಾಕ್ ಲುರಾ, ಪೆನ್ನಿನ ಮುಚ್ಚಳ ತೆಗೆಯುತ್ತ. "ವಿಜ್ಞಾನ ಹೇಳ್ತಿದೆ, ಒಂದನೇ ಓಣಿ."

ಕುರ್ಚಿ ಕರ್ರೆಂದು ಸದ್ದು ಮಾಡಿತು. ಅರುಮಿ ಎದ್ದು ನಿಂತಿದ್ದಳು. ಕೈಯಲ್ಲಿನ ಪುಸ್ತಕವನ್ನು ಹನ್ನೊಂದು ಮನೆಗಳ ಪುಟಕ್ಕೆ ತೆರೆದಳು.

"ಏನಮ್ಮಾ?"

"ನಕ್ಷೆ ತಪ್ಪಿದೆ," ಎಂದಳು.

"ಜೋರಾಗಿ!" ಎಂದರು ಯಾರೋ.

"ನಕ್ಷೆ ತಪ್ಪಿದೆ. ತಪ್ಪು ನಂದು. ನಾವು ನೀರನ್ನ ರಸ್ತೆಯಿಂದ ಅಳೆದ್ವಿ. ಮೂರನೇ ಓಣೀಲಿ ರಸ್ತೆ ಮನೆಗಿಂತ ಎತ್ತರ ಇದೆ. ಹೊರಗೆ ಹದಿನೈದು ಸೆಂಟಿಮೀಟರ್ ಇದ್ರೆ ಒಳಗೆ ನೂರಹತ್ತು. ಒಂದನೇ ಓಣೀಲಿ ರಸ್ತೆ ಮುಳುಗತ್ತೆ, ಮನೆ ಮುಳುಗಲ್ಲ."

ಮುಂದಿನ ಸಾಲು ಒಟ್ಟಿಗೇ ಎದ್ದಿತು. ಬು ತುಮಿನಿಯ ದನಿ ಎಲ್ಲಕ್ಕಿಂತ ಮೇಲಿತ್ತು. "ಮೂರು ವಾರ ನಮ್ಮನೇಲಿ ತಿಂದು ಇವತ್ತು ಹೀಗೆ ಹೇಳ್ತೀಯಾ? ನನ್ನ ಗಂಡನ ಮೋಟರ್‌ಸೈಕಲ್ ಕೆಟ್ಟು ಮೂಲೇಲಿ ಬಿದ್ದಿದೆ, ಅದು ನಿನಗೆ ನೀರಲ್ವಾ?"

ಅದೂ ನೀರೇ. ಅರುಮಿಗೆ ಅದು ಗೊತ್ತಿತ್ತು. ಅವಳು ತಲೆ ತಗ್ಗಿಸಿದಳು, ಕೂರಲಿಲ್ಲ.

ಪಾಕ್ ಲುರಾ ಬು ಹೆಸ್ತಿಯ ಕಡೆ ತಿರುಗಿದರು. "ಏನ್ ಮೇಡಂ ಇದು? ನಕ್ಷೆ ಸರಿಯಾ, ತಪ್ಪಾ? ತಪ್ಪಾದ್ರೆ ನನ್ನ ಹತ್ರ ನಕ್ಷೆನೇ ಇಲ್ಲ ಅಂತಾಯ್ತು. ಪಂಪು ವಾಪಸ್ ಹೋಗತ್ತೆ."

ವಿಭಾಗದ ಮುಖ್ಯಸ್ಥರು ತಮ್ಮ ಫೋನನ್ನೇ ನೋಡುತ್ತಿದ್ದರು. ಬು ಹೆಸ್ತಿಯ ಮುಖದ ಬಣ್ಣ ಇಳಿದಿತ್ತು. ಅವರು ಅರುಮಿಯನ್ನು ನೋಡಿದ ನೋಟದಲ್ಲಿ ಒಂದು ಗಳಿಗೆ ಬರೀ ಸಿಟ್ಟೇ ಇತ್ತು.

"ಎಷ್ಟು ಮನೆ ಒಳಗೆ ಅಳೆದೆ?" ಎಂದು ಕೇಳಿದರು.

"ಹನ್ನೊಂದು. ಇಪ್ಪತ್ತಾರರಲ್ಲಿ."

"ಅತಿ ಕಡಿಮೆ?"

"ಎಪ್ಪತ್ತಮೂರು."

ಬು ಹೆಸ್ತಿ ಎದ್ದು ನಕ್ಷೆಯ ಮುಂದೆ ಹೋಗಿ ನಿಂತರು. ಬೆನ್ನು ಸಭೆಗೆ. "ನಮೂನೆ ನಾನು ಒಪ್ಪಿದ್ದು," ಎಂದರು, ತಿರುಗದೆಯೇ. "ತಪ್ಪು ನಂದೂ ಹೌದು. ಈ ನಕ್ಷೆ ನೋಡಿ ಸಹಿ ಹಾಕಬೇಡಿ, ಪಾಕ್."

"ಮತ್ತೇನು ನೋಡಿ ಹಾಕ್ಲಿ? ಈ ಹುಡುಗಿ ಪುಸ್ತಕಾನಾ?" ಪಾಕ್ ಲುರಾ ಕಡತದಿಂದ ಒಂದು ಕಾಗದ ಎಳೆದರು. "ಇಲ್ಲಿ ನೋಡಿ. ಮೂರನೇ ಓಣಿ, ತೊಂದರೆ ಇಲ್ಲ. ಸಹಿ, ಕಸ್ಮುರಿ. ಎಲ್ಲಿದೀರಿ ಪಾಕ್ ಕಸ್ಮುರಿ? ಈ ಹುಡುಗಿ ಸುಳ್ಳು ಹೇಳ್ತಿದಾಳಾ, ನೀವಾ?"

ಇಡೀ ಸಭೆ ಕಂಬದ ಕಡೆ ತಿರುಗಿತು. ಕಸ್ಮುರಿ ನೆಲ ನೋಡುತ್ತಿದ್ದರು. ಅವರು ಹುಡುಗಿಯದೇ ಸುಳ್ಳು ಎಂದುಬಿಟ್ಟರೆ ಅಜ್ಜಿಯ ಮನೆಯ ನೀರು ಕಾಗದದಿಂದ ಅಳಿಸಿಹೋಗುತ್ತಿತ್ತು.

"ಪಂಪು ಕೊಟ್ರೆ," ಎಂದರು ಕಸ್ಮುರಿ ಕೊನೆಗೆ, "ನಮ್ಮನ್ನ ಎಬ್ಬಿಸಲ್ಲ ಅಂತ ಬರೆದು ಕೊಡ್ತೀರಾ?"

"ಅದನ್ನ ಬರೆಯೋ ಅಧಿಕಾರ ನನಗಿಲ್ಲ."

"ಗೊತ್ತು. ಕೇಳಿ ನೋಡಿದೆ." ಅವರು ಕಂಬ ಬಿಟ್ಟು ಬಾಗಿಲ ಕಡೆ ನಡೆದರು. ಹೊಸ್ತಿಲಲ್ಲಿ ನಿಂತು ಹೇಳಿದರು, "ಬನ್ನಿ ನಮ್ಮನೆಗೆ. ಕುರ್ಚಿ ಹೊರಗೆ ಹಾಕಲ್ಲ ಇವತ್ತು."

ಪಾಕ್ ಲುರಾ ಗಡಿಯಾರ ನೋಡಿಕೊಂಡರು. ಹತ್ತೂ ನಲವತ್ತು. ಎದ್ದರು. ಅರ್ಧ ಸಭೆ ಅವರ ಹಿಂದೆ ಹೊರಟಿತು. ಕಸ್ಮುರಿಯವರ ಬಾಗಿಲಲ್ಲಿ ಪಾಕ್ ಲುರಾ ತಮ್ಮ ಹೊಳೆಯುವ ಬೂಟುಗಳನ್ನು ಬಿಚ್ಚಿ, ತಲೆ ಬಗ್ಗಿಸಿ ಇಳಿದರು. ಅರುಮಿ ಪಟ್ಟಿಯ ತುದಿಯನ್ನು ಒದ್ದೆ ನೆಲಕ್ಕೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಅವರ ಕೈಗೇ ಕೊಟ್ಟಳು. ಬೀರುವಿನ ಪಕ್ಕದ ಗೆರೆಯವರೆಗೆ ಎಳೆದು ಅವರೇ ಓದಿದರು.

"ತೊಂಬತ್ತನಾಲ್ಕು."

ಕಡತವನ್ನು ಫ್ರಿಜ್ಜಿನ ಮೇಲಿಟ್ಟು ಅವರು ಒಂದನೇ ಎಂಬುದನ್ನು ಹೊಡೆದುಹಾಕಿ, ಮೂರನೇ ಎಂದು ಬರೆದು, ಸಹಿ ಹಾಕಿದರು. ಕಸ್ಮುರಿಯ ಹೆಂಡತಿ ಮೂಲೆಯಲ್ಲಿ ಮಗುವನ್ನು ಎತ್ತಿಕೊಂಡು ನಿಂತು, ಬಂದವರೆಲ್ಲರ ಕಾಲಿಗೆ ಅಂಟಿದ ಕೆಸರನ್ನು ನೋಡುತ್ತ ಅಳುತ್ತಿದ್ದಳು. ಅದು ಪಂಪು ಬಂದದ್ದಕ್ಕೋ ಮನೆ ಬಯಲಾದದ್ದಕ್ಕೋ, ಅರುಮಿಗೆ ತಿಳಿಯಲಿಲ್ಲ.

ಹೊರಗೆ ಬು ತುಮಿನಿ ಅವಳನ್ನು ಕಂಡೂ ಕಾಣದವರಂತೆ ದಾಟಿಹೋದರು. ಅರುಮಿ "ಬು..." ಎಂದಳು. ಅವರು ನಿಲ್ಲಲಿಲ್ಲ.

ಬು ಹೆಸ್ತಿ ಗೋಡೆಯಿಂದ ಇಳಿಸಿದ ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದರು. "ಮುಖ್ಯಸ್ಥರು ಹೊರಟುಹೋದ್ರು," ಎಂದರು. ಸುರುಳಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿ, "ಐದನೇ ಓಣೀಲೂ ರಸ್ತೆ ಎತ್ತರಿಸಿದಾರಾ?" ಎಂದರು.

"ಗೊತ್ತಿಲ್ಲ, ಬು."

"ನಂಗೂ ಗೊತ್ತಿಲ್ಲ. ಸೋಮವಾರ ಎಲ್ಲರೂ ಬರಬೇಕು. ಯಾವ ಮನೆ ಮುಂದೆ ನಿಂತು ಏನು ಕೇಳಿದ್ರೆ ಒಳಗೆ ಬಿಟ್ಕೊತಾರೆ ಅಂತ ಹುಡುಗರಿಗೆ ನೀನೇ ಹೇಳಿಕೊಡ್ಬೇಕು. ಎದ್ದು ನಿಂತು, ಜೋರಾಗಿ."

ಅರುಮಿ ಪುಸ್ತಕದ ಹೊಸ ಪುಟದ ಮೇಲೆ ಸೋಮವಾರ ಎಂದು ಬರೆದಳು. ಹೂಂ ಎಂದಳು.