ಜಯದೇವಪ್ಪನವರ ಪರದೆ

ಜಯದೇವಪ್ಪನವರನ್ನು ಚಳ್ಳಕೆರೆ ಮೊದಲು ಕೇಳಿತು. ನೋಡಿದ್ದು ಬಹಳ ಕಾಲದ ಮೇಲೆ. ಬಸ್ ನಿಲ್ದಾಣದ ಮೂಲೆಯ ಕಂಬಿ ಕಿಟಕಿಯ ಹಿಂದೆ ಕುಳಿತು, "ಮೊಳಕಾಲ್ಮೂರು, ರಾಯದುರ್ಗದ ಕಡೆ ಹೋಗುವ ಪ್ರಯಾಣಿಕರು ದಯವಿಟ್ಟು ಗಮನಿಸಿ" ಎಂದು ಧ್ವನಿವರ್ಧಕದಲ್ಲಿ ಅವರು ನುಡಿದರೆಂದರೆ, ಆ ಕಂಠದ ಗಾಂಭೀರ್ಯಕ್ಕೆ ಮರುಳಾಗಿ ಹಿರಿಯೂರಿಗೆ ಹೊರಟವರೂ ಒಂದು ಗಳಿಗೆ ರಾಯದುರ್ಗದತ್ತ ಮನಸ್ಸು ಮಾಡುತ್ತಿದ್ದರು. ಹೆಣ್ಣು ನೋಡಲೆಂದು ಹಿರಿಯೂರಿಗೆ ಹೊರಟಿದ್ದ ನಾನೇ ಒಮ್ಮೆ ಆ ದನಿಯ ಬೆನ್ನು ಹತ್ತಿ ತಪ್ಪು ಬಸ್ಸೇರಿ, ತಳಕು ಬಂದಾಗ ಎಚ್ಚೆತ್ತವನು. ಆ ಸಂಬಂಧ ಮುರಿದದ್ದಕ್ಕೆ ಹಿರಿಯೂರಿನ ಆ ಮನೆಯವರು ಇಂದಿಗೂ ಜಯದೇವಪ್ಪನವರಿಗೆ ಕೃತಜ್ಞರಾಗಿರಬೇಕು.

ಕಿಟಕಿಯಾಚೆಗಿನ ಆ ಮಹಾಕಂಠಕ್ಕೆ ಒಂದು ದೇಹವೂ ಇದೆ, ಆ ದೇಹಕ್ಕೆ ಒಂದು ವಿಶಿಷ್ಟ ಗತಿಯೂ ಇದೆ ಎಂಬುದು ಆ ದಿನಗಳಲ್ಲಿ ಕೆಲವರಿಗಷ್ಟೇ ತಿಳಿದಿತ್ತು. ನಿಲ್ದಾಣ ತುಂಬುವ ಮೊದಲೇ ಬಂದು ಕೂರುವುದು, ಖಾಲಿಯಾದ ಮೇಲೆ ಏಳುವುದು ಅವರ ಪದ್ಧತಿ. ನಡೆದರೆ ಬಲಗಾಲು 'ಧಡಕ್' ಎಂದು ನೆಲಕ್ಕೆ ಊರುತ್ತಿತ್ತು, ಎಡಗಾಲು ಅದರ ಹಿಂದೆ 'ಚುಕ್' ಎಂದು ಎಳೆದುಕೊಂಡು ಬರುತ್ತಿತ್ತು. ಈ ಎರಡನ್ನೂ ಮರೆಮಾಡಲು ಅವರು ಮಂಡಿಯ ಕೆಳಗೂ ಇಳಿಯುವ ಒಂದು ಕಪ್ಪು ಕೋಟನ್ನು ಹೊಲಿಸಿಕೊಂಡಿದ್ದರು. ನಮ್ಮ ಕಡೆಯ ಬಿಸಿಲಿಗೆ ಓತಿಕ್ಯಾತಗಳೇ ನೆರಳು ಹುಡುಕುವಾಗ ಆ ಕೋಟು ಮಾತ್ರ ವರ್ಷದುದ್ದಕ್ಕೂ ಗುಂಡಿ ಬಿಚ್ಚದೆ ಸಂಚರಿಸುತ್ತಿತ್ತು. ಕಾಲು ಹೀಗಾದದ್ದಕ್ಕೆ ಅವರ ಬಳಿ ಕೇಳುವವರ ಯೋಗ್ಯತೆಗೆ ತಕ್ಕ ಕತೆಗಳಿದ್ದವು: ಕೆಲವರಿಗೆ ಮೊಳಕಾಲ್ಮೂರಿನ ಬೆಟ್ಟದಿಂದ ಉರುಳಿದ್ದು, ಕೆಲವರಿಗೆ ಕಾವಲಿನ ಅಮೃತಮಹಲ್ ಹೋರಿಯೊಂದು ಎತ್ತಿ ಒಗೆದದ್ದು. ನಿಜ ಗೊತ್ತಿದ್ದದ್ದು ಅವರ ಪತ್ನಿ ಶಿವಬಸಮ್ಮನವರಿಗೆ. "ಸ್ಟ್ಯಾಂಡ್ ಹಾಕಿ ನಿಲ್ಸಿದ್ದ ಸೈಕಲ್ ಮೇಲಿಂದ ಬಿದ್ರಂತೆ, ಚಿಕ್ಕೋರಿದ್ದಾಗ," ಎಂದು ಆಕೆ ಒಮ್ಮೆ ನನಗೆ ಪಿಸುದನಿಯಲ್ಲಿ ಹೇಳಿದ್ದರು. "ಹೋರಿದೇ ಬರೀರಪ್ಪ ನೀವು, ಅದೇ ಚೆನ್ನಾಗೈತೆ."

ನಿವೃತ್ತಿಯ ನಂತರ ಕಿಟಕಿಯಿಲ್ಲದ ಮನೆಗೆ ಬಂದ ಆ ದನಿ, ಸೌಟು ಎಲ್ಲಿದೆ ಎಂಬುದನ್ನೂ ಧ್ವನಿವರ್ಧಕದ ಧಾಟಿಯಲ್ಲೇ ಘೋಷಿಸತೊಡಗಿತು. "ಎಲ್ಲಾದ್ರೂ ಹೋಗಿ ನಾಕು ಜನಕ್ಕೆ ಕೂಗಿ ಬರ್ರಿ, ನನಗಿರೋದು ಎರಡೇ ಕಿವಿ," ಎಂದು ಶಿವಬಸಮ್ಮನವರು ಅವರನ್ನು ಹೊರಗೆ ಕಳಿಸಿದರು. ಹಾಗೆ ಹುಟ್ಟಿದ್ದು ನಮ್ಮ ಸಮೂಹಗಾನ ಬಳಗ. ಪ್ರತಿ ನವೆಂಬರ್ ಒಂದರಂದು ತಾಲ್ಲೂಕು ಕ್ರೀಡಾಂಗಣದ ರಾಜ್ಯೋತ್ಸವ ವೇದಿಕೆಯಲ್ಲಿ, ಭಾಷಣಗಳೆಲ್ಲ ಮುಗಿದು ಜನ ಏಳುವ ಹೊತ್ತಿಗೆ, ಒಂದು ಹಾಡು ಹಾಡುವುದೇ ಈ ಬಳಗದ ಪರಮಗುರಿ.

ತಾಲೀಮು ಗೋವರ್ಧನನ ಎಣ್ಣೆ ಮಿಲ್ಲಿನ ಗೋದಾಮಿನಲ್ಲಿ. ಶೇಂಗಾ ಚೀಲಗಳ ಮೇಲೆ ಕುಳಿತು, ಹಿಂಡಿಯ ಘಮದಲ್ಲಿ ನಾವು ನಾಡದೇವಿಯನ್ನು ನೆನೆಯುತ್ತಿದ್ದೆವು. ಸ್ಥಳವನ್ನು ಪುಕ್ಕಟೆ ಕೊಟ್ಟದ್ದರಿಂದ ಗೋವರ್ಧನನಿಗೆ ಯಾವ ಶ್ರುತಿಯಲ್ಲಿ ಬೇಕಾದರೂ ಹಾಡುವ ಅಧಿಕಾರವಿತ್ತು, ಅದನ್ನು ಆತ ಧಾರಾಳವಾಗಿ ಚಲಾಯಿಸುತ್ತಿದ್ದ. ಟ್ರ್ಯಾಕ್ಟರ್ ರಿಪೇರಿಯ ನನ್ನೇಸಾಬ ಹಿಂದಿನ ಸಾಲಿನ ಮಂದ್ರಸ್ಥಾಯಿ. ಆತ ಒಮ್ಮೆ ಕೆಳಗಿಳಿದರೆ ಕೆಟ್ಟು ನಿಂತ ಇಂಜಿನ್ನುಗಳು ತಾವಾಗಿಯೇ ಶುರುವಾಗಬೇಕು. ದೊಡ್ಡಉಳ್ಳಾರ್ತಿಯ ಸೋಬಾನೆ ಹಾಡುಗಾರ್ತಿ ಸೂರಮ್ಮನದು ಕಾವಲಿನ ಹುಲ್ಲುಗಾವಲಿನಲ್ಲಿ ದನ ಕರೆದು ಬೆಳೆದ ಕಂಠ. ಮೈಕೇ ಆಕೆಯಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು. ಇನ್ನು ನಾನು. ಹಾಡು ಬರೆದವನು ನಾನೇ. ಹದಿನಾರು ಸಾಲು ಬರೆದು, ಭಾವಪರವಶನಾಗಿ ಓದಿ ಹೇಳಿದ್ದೆ. ಜಯದೇವಪ್ಪನವರು ಕಣ್ಣು ಮುಚ್ಚಿ ಕೇಳಿ, "ಲಗೇಜು ಜಾಸ್ತಿ ಆಯ್ತು," ಎಂದು ಅರ್ಧವನ್ನು ಇಳಿಸಿಬಿಟ್ಟರು. ಉಳಿದುಕೊಂಡ ಪಲ್ಲವಿ ಇದು:

ಕೆಂಪು ಮಣ್ಣಿನ ನಾಡು, ಕಂಬಳಿಯ ಬೀಡು,
ಕೂಡಿ ಬಾರೋ ಅಣ್ಣ, ಕೂಡಿ ಹಾಡು.

ಕೂಡಿ ಹಾಡು ಎಂದು ಬರೆದವನಿಗೇ ಕೂಡಿ ಹಾಡುವ ಭಾಗ್ಯವಿರಲಿಲ್ಲ. ಮೊದಲ ದಿನವೇ ಅವರು ನನ್ನನ್ನು ಪಕ್ಕಕ್ಕೆ ಕರೆದು, "ನೀವು ಬಾಯಿ ಆಡಿಸ್ರಿ ಸಾಕು, ದನಿ ಬೇಡ. ನಿಂತು ಹೋಗೋ ಪ್ಯಾಸೆಂಜರ್ ಅಂತ ತಿಳ್ಕಳ್ರಿ," ಎಂದಿದ್ದರು.

ಅವರ ಸಂಗೀತಶಾಸ್ತ್ರವೆಲ್ಲ ಬಸ್ ನಿಲ್ದಾಣದ್ದೇ. ಸಮಕ್ಕೆ ಮೊದಲೇ ನುಗ್ಗಿದವರಿಗೆ, "ಏನಮ್ಮ ಸೂರಮ್ಮ, ಬೋರ್ಡು ಹಾಕೋಕೂ ಮುಂಚೆ ಗಾಡಿ ಬಿಟ್ಟೆಯಲ್ಲ!" ಎನ್ನುವರು. ಹಿಂದುಳಿದವರಿಗೆ, "ನನ್ನೇಸಾಬ್ರೇ, ನಿಮ್ಮ ಬಸ್ಸು ಇನ್ನೂ ಡಿಪೋದಾಗೇ ಐತೆ." ಗೋವರ್ಧನನಿಗೆ ಮಾತ್ರ, ಮಿಲ್ಲಿನ ಮಾಲೀಕನೆಂಬ ಮರ್ಯಾದೆಯಿಂದ, "ಯಜಮಾನ್ರು ಬೇರೆ ರೂಟಲ್ಲಿ ಬರ್ತಾ ಅವ್ರೆ, ಬರ್ಲಿ," ಎಂದು ಸುಮ್ಮನಾಗುವರು. ಎಲ್ಲಕ್ಕಿಂತ ಸೊಗಸೆಂದರೆ ಆಂಧ್ರದ ಗಡಿಯ ಮೊಳಕಾಲ್ಮೂರಿನ ಹುಟ್ಟು ಬಿಡದೆ, ಕನ್ನಡಾಂಬೆಯ ಗೀತೆಯನ್ನು ಅವರು ಹೊರಡಿಸುತ್ತಿದ್ದದ್ದು ತೆಲುಗಿನಲ್ಲಿ: "ಒಕಟಿ, ರೆಂಡು, ಮೂಡು!" ಉತ್ಸವ ಸಮಿತಿಯ ಕಾರ್ಯದರ್ಶಿ, ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಅಂಜನ್, ಒಮ್ಮೆ ಇದಕ್ಕೆ ಆಕ್ಷೇಪಿಸಿದ. "ಕನ್ನಡದಾಗೆ ಎಣಿಸಿ ನೋಡಿದೀನಿ ಕಣಯ್ಯ," ಎಂದರು ಜಯದೇವಪ್ಪನವರು ನಿರ್ವಿಕಾರವಾಗಿ, "ಗಾಡಿ ಸೆಲ್ಫ್ ತಗಳಲ್ಲ."

ಆದರೆ ಅವರ ಹಟಗಳಲ್ಲಿ ಮುಕುಟಮಣಿಯೆಂದರೆ ಪರದೆ. ಬಯಲಿನ ವೇದಿಕೆಗೆ ಪರದೆಯೆಲ್ಲಿಂದ ಬರಬೇಕು? ಆದ್ದರಿಂದ ಅವರೇ ತರುತ್ತಿದ್ದರು: ಶಿವಬಸಮ್ಮನವರ ಮದುವೆಯ ಮೊಳಕಾಲ್ಮೂರು ರೇಷ್ಮೆ ಸೀರೆ, ಕಡುಗೆಂಪು ಒಡಲು, ಹಸಿರು ಅಂಚು. ಬಳಗದ ಇಬ್ಬರು ಅದರ ಎರಡು ತುದಿ ಹಿಡಿದು ವೇದಿಕೆಗೆ ಅಡ್ಡ ನಿಲ್ಲಬೇಕು; ಅದರ ಹಿಂದೆ ಧಡಕ್ ಚುಕ್ ಎಂದು ಅವರು ಮೆಟ್ಟಿಲೇರಿ ಬಂದು ನಡುವೆ ನೆಟ್ಟ ಕಂಬದಂತೆ ನಿಂತ ಮೇಲೆ ಸೀರೆ ಸರಿಯಬೇಕು. ಹಾಡು ಮುಗಿದೊಡನೆ ಮತ್ತೆ ಸೀರೆ, ಮತ್ತೆ ಅಂತರ್ಧಾನ. ಯಾಕೆಂದು ಯಾರೂ ಕೇಳಲಿಲ್ಲ, ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಎದುರಿನ ಮನೆಯ ಸಾರಿಗೆ ಏನು ಹಾಕಿದ್ದಾರೆಂಬುದನ್ನೂ ಬೀದಿಯಲ್ಲಿ ಚರ್ಚಿಸುವ ನಮ್ಮೂರು, ಈ ಒಂದು ವಿಷಯದಲ್ಲಿ ಮಾತ್ರ ಕಣ್ಣಿದ್ದೂ ಕುರುಡಾಗಿ, ಸೀರೆಯ ಕೆಳಗೆ ಕಾಣುತ್ತಿದ್ದ ಆ ಎರಡು ಬೂಟುಗಳನ್ನು ಕಾಣದಂತೆ ಕುಳಿತಿರುತ್ತಿತ್ತು.

ಈ ಸಲ ಅಂಜನ್ ಬಂದವನೇ ಒಂದು ಸಿಡಿಲು ಕೆಡವಿದ. "ಸಾರ್, ಸಮಿತಿಯೋರು ಹೇಳ್ತಾವ್ರೆ, ಬಾಯಲ್ಲಿ ಹಾಡೋದೆಲ್ಲ ಹಳೇದಾಯ್ತಂತೆ. ಪೆನ್‌ಡ್ರೈವ್‌ನಲ್ಲಿ ಟ್ರ್ಯಾಕ್ ಹಾಕಿದ್ರೆ ಹುಡುಗ್ರು ಕುಣೀತಾರೆ. ಈ ವರ್ಷ ಒಂದು ಸಲ ನೋಡ್ತೀವಿ. ಎಡವಟ್ಟಾದ್ರೆ ಮುಂದಿನ ವರ್ಷದಿಂದ ನಿಮ್ಮ ಹಾಡು ಇರಲ್ಲ." ಜಯದೇವಪ್ಪನವರು ಕೋಟಿನ ಜೇಬಿನಿಂದ ಎರಡು ಶೇಂಗಾ ತೆಗೆದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಕಿಟಕಿ ಹೋದ ಮೇಲೆ ಆ ಕಂಠಕ್ಕೆ ಉಳಿದಿದ್ದ ಏಕೈಕ ನಿಲ್ದಾಣ ಈ ಹಾಡು, ಅದೂ ಮುಚ್ಚುವ ಕಾಲ ಬಂತೆಂದು ಆ ಅಗಿಯುವಿಕೆಯಲ್ಲೇ ನಮಗೆ ಅರ್ಥವಾಯಿತು.

ಅಂದಿನಿಂದ ತಾಲೀಮು ತಪಸ್ಸಾಯಿತು. ವರ್ಷವೂ ಮಿಲ್ಲು ನಿಂತ ಮೇಲೆ ಹಾಡುತ್ತಿದ್ದವರು ಈ ಸಲ ಮಿಲ್ಲು ನಡೆಯುವಾಗಲೇ ಹಾಡತೊಡಗಿದೆವು. ಗೋಡೆಯಾಚೆ ಗೋವರ್ಧನನ ತಾತನ ಕಾಲದ ಎಣ್ಣೆ ಮಿಷನ್ನು ಧಡಕ್ ಚುಕ್, ಧಡಕ್ ಚುಕ್ ಎಂದು ಶೇಂಗಾ ಅರೆಯುತ್ತಿತ್ತು, ಈಚೆ ನಾವು ಹಾಡನ್ನು ಅರೆಯುತ್ತಿದ್ದೆವು. ದಸರೆಯ ಹೊತ್ತಿಗೆ ನಮ್ಮ ಲಯ ಎಷ್ಟು ಗಟ್ಟಿಯಾಯಿತೆಂದರೆ ಸೂರಮ್ಮನೂ ನನ್ನೇಸಾಬನೂ ಒಂದೇ ಕಾಲಕ್ಕೆ ಒಂದೇ ಪದ ಉಚ್ಚರಿಸತೊಡಗಿದರು. ಗೋವರ್ಧನನೂ ಆಗಾಗ ನಮ್ಮ ರೂಟಿಗೆ ಬರುತ್ತಿದ್ದ.

ಆಯುಧಪೂಜೆಯ ದಿನ ಮಾತ್ರ ಏನೋ ಗ್ರಹಚಾರ. ಮಿಷನ್ನಿಗೆ ಕುಂಬಳಕಾಯಿ ಒಡೆದು, ಹಾರ ಹಾಕಿ, ವಿಭೂತಿ ಬಳಿದು ನಿಲ್ಲಿಸಿದ್ದರು. ಹಬ್ಬದೂಟ ಮುಗಿಸಿ ಹಾಡಲು ನಿಂತರೆ ಹಾಡು ಹಗ್ಗ ಬಿಚ್ಚಿದ ಹೋರಿಗಳಂತೆ ನಾಲ್ಕು ದಿಕ್ಕಿಗೆ ಹರಿಯಿತು. ಜಯದೇವಪ್ಪನವರು ನಮ್ಮೆಲ್ಲರ ಹೊಟ್ಟೆಯನ್ನು ದಿಟ್ಟಿಸಿ ನೋಡಿ ತೀರ್ಪು ಕೊಟ್ಟರು: "ಒಬ್ಬಟ್ಟು. ಒಬ್ಬಟ್ಟಿಂದಲೇ ಹಿಂಗಾಗಿದ್ದು. ಇನ್ಮೇಲೆ ಹಾಡು ಮುಗಿಯೋವರೆಗೂ ಯಾರೂ ಒಬ್ಬಟ್ಟು ತಿನ್ನಂಗಿಲ್ಲ."

"ಒಬ್ಬಟ್ಟು ತಿಂದ್ರೆ ತಾಳ ತಪ್ಪತ್ತೇನ್ರೀ?" ಎಂದಳು ಸೂರಮ್ಮ.

"ಹೊಟ್ಟೆ ಭಾರ ಆದ್ರೆ ಗಾಡಿ ಏರು ಹತ್ತತ್ತೇನಮ್ಮ?"

ವಾದ ಅಕಾಟ್ಯವಾಗಿತ್ತು. ಮಾರನೆಯ ದಿನ ಮಿಷನ್ನು ಶುರುವಾಯಿತು, ಹಾಡು ಮತ್ತೆ ಹಳಿಗೆ ಬಂತು, ಒಬ್ಬಟ್ಟಿನ ಅಪರಾಧ ರುಜುವಾತಾಯಿತು. ನಾವೆಲ್ಲ ದೀಪಾವಳಿಯಲ್ಲೂ ಸಿಹಿ ಮುಟ್ಟದೆ ವ್ರತಸ್ಥರಂತೆ ನಡೆದುಕೊಂಡೆವು. ಕೂಡಿ ಹಾಡಲು ಬರದವನು ಒಬ್ಬಟ್ಟನ್ನಾದರೂ ತಿನ್ನಬಹುದಲ್ಲವೇ ಎಂದು ನಾನು ಅರ್ಜಿ ಹಾಕಿಕೊಂಡೆ; ತಿರಸ್ಕೃತವಾಯಿತು.

ರಾಜ್ಯೋತ್ಸವ ಬಂತು. ಕಬ್ಬಿಣದ ಚೌಕಟ್ಟಿನ ಮೇಲೆ ಹಲಗೆ ಹಾಸಿದ ವೇದಿಕೆ, ಅರಿಸಿನ ಕುಂಕುಮದ ಬಾವುಟಗಳು, ಭಾಷಣಗಳಲ್ಲಿ ಮಿಂದು ದಣಿದ ಜನಸಾಗರ. ಸೀರೆ ಹಿಡಿದರು, ಸರಿಸಿದರು. ಜಯದೇವಪ್ಪನವರು ಕಂಬವಾಗಿ ನಿಂತಿದ್ದರು. ಮಡಿಚಿದ ಸೀರೆ ಮುಂದಿನ ಸಾಲಿನಲ್ಲಿ ಕುಳಿತ ಶಿವಬಸಮ್ಮನವರ ಮಡಿಲಿಗೆ ಹೋಯಿತು. "ಒಕಟಿ, ರೆಂಡು, ಮೂಡು!"

ಮೊದಲ ಸಾಲು ಅಭ್ಯಾಸಬಲದಿಂದ ಹೊರಟಿತು. ಎರಡನೆಯದರಲ್ಲಿ ಸೂರಮ್ಮ 'ಅಣ್ಣ'ನನ್ನು ತಲುಪಿದಾಗ ನನ್ನೇಸಾಬ ಇನ್ನೂ 'ಕಂಬಳಿ'ಯಲ್ಲೇ ಇದ್ದ. ಗೋವರ್ಧನ ಎಲ್ಲಿದ್ದನೆಂದು ಅವನಿಗೂ ತಿಳಿಯದು. ಜಯದೇವಪ್ಪನವರ ಕೈಗಳು ಗಾಳಿಯಲ್ಲಿ ಬಡಿದಾಡಿ, ಸೋತು, ನಿಂತವು. ಹಾಡೂ ನಿಂತಿತು. ಆಗ, ಮೈಕಿನ ಮುಂದೆ ನಿಂತಿದ್ದೇನೆಂಬುದನ್ನು ಮರೆತ ಸೂರಮ್ಮನ ದನಿ ಕ್ರೀಡಾಂಗಣದ ಆಚೆ ತುದಿಯವರೆಗೂ ಮೊಳಗಿತು: "ಮಿಷನ್ ಎಲ್ಲೈತ್ರೀ ಸಾರ್? ಮಿಷನ್ ಹೊಡ್ಕಳ್ದೆ ನಾ ಹೆಂಗೆ ಹಾಡ್ಲಿ?"

ಜನ ಗೊಳ್ಳೆಂದು ನಕ್ಕರು. ಅಂಜನ್ ಪಕ್ಕದಿಂದ ಬಗ್ಗಿ, "ಸಾರ್, ಟ್ರ್ಯಾಕ್ ಹಾಕಿಬಿಡ್ಲಾ? ಮರ್ಯಾದೆ ಉಳಿಯತ್ತೆ," ಎಂದ. ಪಾಪ, ಅವನ ದನಿಯಲ್ಲಿ ಕುಹಕವಿರಲಿಲ್ಲ, ಕರುಣೆಯಿತ್ತು. ಅದು ಇನ್ನೂ ಕೆಟ್ಟದ್ದು.

ಜಯದೇವಪ್ಪನವರು ಸೂರಮ್ಮನನ್ನು ನೋಡಿದರು. ಒಬ್ಬಟ್ಟು ನಿರಪರಾಧಿಯೆಂಬ ಸತ್ಯ ಅವರ ಮುಖದ ಮೇಲೆ ಮೆಲ್ಲನೆ ಉದಯಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಇಷ್ಟು ದಿನ ತಾಳ ಹಾಕುತ್ತಿದ್ದದ್ದು ತಮ್ಮ ಕೈಯಲ್ಲ, ಗೋಡೆಯಾಚೆಯ ಮಿಷನ್ನು! ಆಮೇಲೆ ಅವರು ತಲೆ ತಗ್ಗಿಸಿ ತಮ್ಮ ಬೂಟುಗಳನ್ನು ನೋಡಿಕೊಂಡರು. ಶಿವಬಸಮ್ಮನವರು ಮಡಿಲ ಸೀರೆಯನ್ನು ಹಿಡಿದು ಅರ್ಧ ಎದ್ದಿದ್ದರು, ಪರದೆ ಬೇಕೇನೋ ಎಂದು. ಜಯದೇವಪ್ಪನವರು ಬೇಡವೆಂದು ತಲೆಯಾಡಿಸಿದರು. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಅದನ್ನು ಕಳಚಿ ನನ್ನ ತೋಳಿನ ಮೇಲೆ ಹಾಕಿದರು.

"ಹಿಡ್ಕಳ್ರಿ. ನೀವೆಂಗೂ ಹಾಡಲ್ಲ."

ಆಮೇಲೆ ನಡೆದರು. ವೇದಿಕೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಇಡೀ ತಾಲ್ಲೂಕಿನ ಎದುರಿಗೆ, ಮರೆಯಿಲ್ಲದೆ. ಬಲಗಾಲು ಧಡಕ್ಕೆಂದಿತು, ಎಡಗಾಲು ಚುಕ್ಕೆಂದಿತು. ಕೆಳಗೆ ಟೊಳ್ಳಾಗಿದ್ದ ಹಲಗೆಗಳು ಆ ಸದ್ದನ್ನು ಮದ್ದಳೆಯಂತೆ ಎತ್ತಿ ಹಿಡಿದವು. ನಗು ಥಟ್ಟನೆ ನಿಂತಿತು. ಇಷ್ಟು ವರ್ಷ ಕಾಣದಂತೆ ನಟಿಸಿದ್ದ ಊರಿಗೆ ಈಗ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ತಿಳಿದದ್ದು ಸೂರಮ್ಮನೊಬ್ಬಳಿಗೆ. "ಹಾಂ, ಬಂತು ನೋಡ್ರಿ!" ಎಂದವಳೇ ಎತ್ತಿಕೊಂಡಳು: ಕೆಂಪು ಮಣ್ಣಿನ ನಾಡು. ನನ್ನೇಸಾಬ ಅವಳ ಜೊತೆಗೇ ಇಳಿದ. ಗೋವರ್ಧನನೂ, ದೇವರ ದಯೆ, ಅದೇ ಬಸ್ಸಿನಲ್ಲಿದ್ದ. ಜಯದೇವಪ್ಪನವರು ತಿರುಗಿ ನಡೆದರು, ಮತ್ತೆ ತಿರುಗಿದರು, ಬೆವರಿದರು, ಮಧ್ಯೆ ಒಮ್ಮೆ ಬೇಕೆಂದೇ ಬಲಗಾಲನ್ನು ಇನ್ನಷ್ಟು ಜೋರಾಗಿ ಊರಿದರು. ಎರಡನೆಯ ನುಡಿಗೆ ಜನರ ಚಪ್ಪಾಳೆ ಆ ಹೆಜ್ಜೆಗೆ ಹೊಂದಿಕೊಂಡಿತು. ನಾನು ಕೋಟನ್ನು ಹಿಡಿದು ನಿಂತು, ಗದ್ದಲದಲ್ಲಿ ಯಾರಿಗೂ ಕೇಳದೆಂಬ ಧೈರ್ಯದ ಮೇಲೆ, ಒಂದು ಸಾಲನ್ನು ಬಾಯಿ ಬಿಟ್ಟು ಹಾಡಿಯೇಬಿಟ್ಟೆ. ಅವರು ನಡೆಯುತ್ತಲೇ ನನ್ನತ್ತ ಒಂದು ಕೆಂಗಣ್ಣು ಬೀರಿ ಮುಂದೆ ಹೋದರು.

ಹಾಡು ಮುಗಿದಾಗ ಸೀರೆ ಹಿಡಿಯಲು ಇಬ್ಬರು ಓಡಿ ಬಂದರು. ಅಷ್ಟರಲ್ಲಿ ಅವರು ಮೆಟ್ಟಿಲಿಳಿದು ಜನರ ನಡುವೆಯೇ ಧಡಕ್ ಚುಕ್ ಎಂದು ಹೊರಟಾಗಿತ್ತು. ಅಂಜನ್ ಬೆನ್ನು ಹತ್ತಿ, "ಸಾರ್, ಮುಂದಿನ ವರ್ಷ ಎರಡು ಹಾಡು ಇಟ್ಕಳಣ. ನಿಮ್ಮ ಕಾಲ ಹತ್ರಾನೂ ಒಂದು ಮೈಕ್ ಇಡ್ತೀನಿ," ಎಂದ. "ಬಾಡಿಗೆ ಕೇಳ್ಬೇಡ ಮತ್ತೆ," ಎಂದರು ಅವರು.

ಶಿವಬಸಮ್ಮನವರು ಸೀರೆಯ ಮಡಿಕೆಗಳನ್ನು ಸರಿಪಡಿಸುತ್ತಾ, ಗಂಡನ ಮುಖ ನೋಡದೆ ಹೇಳಿದರು: "ಹಂಗಾದ್ರೆ ಇನ್ಮೇಲೆ ಇದನ್ನ ನಾನೇ ಉಟ್ಕಳ್ಳಾ? ಪಾಪ, ಎಷ್ಟು ವರ್ಷದಿಂದ ಗಾಳಿಗೇ ಉಡಿಸ್ತಾ ಇದ್ರಿ."

ಪ್ರತಿ ಊರಲ್ಲೂ ಇಂಥವರೊಬ್ಬರಿರುತ್ತಾರೆ. ಕಂಬಿಯ ಹಿಂದೆ ಕುಳಿತು ಊರವರನ್ನೆಲ್ಲ ಅವರವರ ದಾರಿಗೆ ಹತ್ತಿಸಿ, ಹೊತ್ತಿಗೆ ಸರಿಯಾಗಿ ಕಳಿಸಿಕೊಟ್ಟು, ತಾವು ಮಾತ್ರ ನಿಲ್ದಾಣ ಖಾಲಿಯಾಗಲೆಂದು ಕಾಯುತ್ತಾ ಕೂರುತ್ತಾರೆ. ತಮ್ಮಲ್ಲೊಂದು ಕುಂದಿದೆ, ಅದನ್ನು ಊರು ನೋಡಿಬಿಟ್ಟರೆ ತಮ್ಮ ದನಿಯನ್ನು ಕೇಳುವುದಿಲ್ಲ ಎಂದುಕೊಂಡಿರುತ್ತಾರೆ. ಊರು ಯಾವತ್ತೋ ನೋಡಿರುತ್ತದೆ. ನೋಡಿಯೂ ಅವರ ದನಿಗೇ ತಪ್ಪು ಬಸ್ಸು ಹತ್ತಿರುತ್ತದೆ. ಎಂದೋ ಒಂದು ದಿನ ಮಿಷನ್ನು ನಿಂತು ಹೋಗಿ, ಬೇರೆ ಗತಿಯಿಲ್ಲದೆ ಅವರು ಮರೆಯಿಂದ ಹೊರಬಂದು ನಡೆದಾಗ, ಇಷ್ಟು ಕಾಲ ನಾವು ಹಾಡಿಕೊಂಡದ್ದು ಅವರ ನಡಿಗೆಯನ್ನೇ ಎಂಬುದು ಅವರಿಗೂ ನಮಗೂ ಒಟ್ಟಿಗೇ ತಿಳಿಯುತ್ತದೆ.